ಮಳೆಗಾಲದ ಆರು ವಾರ, ಹಳಿ ಕಾಯುವವರ ಜತೆ

ಪ್ರಶ್ನೆ: ಸರ್, ನಾನು ಸಾಗರ ತಾಲ್ಲೂಕಿನವಳು. ಶಿವಮೊಗ್ಗದಲ್ಲಿ ಸಿವಿಲ್ ಇಂಜಿನಿಯರಿಂಗ್ ಓದುತ್ತಿದ್ದೇನೆ. ಜೂನ್ ಕೊನೆಯಿಂದ ಆರು ವಾರ ರೈಲ್ವೆಯಲ್ಲಿ ಇಂಟರ್ನ್‌ಶಿಪ್ ಸಿಕ್ಕಿದೆ. ಆದರೆ ಅದು ಶಿವಮೊಗ್ಗ–ತಾಳಗುಪ್ಪ ಮಾರ್ಗದ ಹಳಿ ನಿರ್ವಹಣೆಯಲ್ಲಿ. ನನ್ನ ಇಬ್ಬರು ಗೆಳತಿಯರಿಗೆ ಶಿಕಾರಿಪುರ–ರಾಣೆಬೆನ್ನೂರು ಹೊಸ ಮಾರ್ಗದ ಕಾಮಗಾರಿಯಲ್ಲಿ ಸಿಕ್ಕಿದೆ. "ನಿಂಗೆ ಗ್ಯಾಂಗ್‌ಮನ್‌ಗಳು ಹುಲ್ಲು ಕೀಳೋದನ್ನ ನೋಡೋದೇ ಕೆಲಸ" ಅಂತ ಎಲ್ಲರೂ ಹೇಳುತ್ತಾರೆ. ಮಳೆಯಲ್ಲಿ ಹಳಿ ಮೇಲೆ ಓಡಾಡುವುದು ಅಂದರೆ ಅಮ್ಮನಿಗೆ ಭಯ. ಜಾಗ ಬದಲಾಯಿಸಿಕೊಳ್ಳಲಾ? ಅಲ್ಲೇ ಇದ್ದರೆ ಏನು ಕಲಿಯಬೇಕು, ವರದಿಯಲ್ಲಿ ಏನು ಬರೆಯಬೇಕು? ಮುಂದೆ ರೈಲ್ವೆ ಕೆಲಸಕ್ಕೆ ಇದು ಉಪಯೋಗಕ್ಕೆ ಬರುತ್ತದಾ?

ಉತ್ತರ: ಬದಲಾಯಿಸಿಕೊಳ್ಳಬೇಡಮ್ಮ. ನಿನಗೆ ಸಿಕ್ಕಿರುವುದು ಒಳ್ಳೆಯ ಜಾಗ. ಸಿಕ್ಕಿರುವ ಕಾಲ ಅದಕ್ಕಿಂತ ಒಳ್ಳೆಯದು. ನಾನು ಮೂವತ್ತು ವರ್ಷಕ್ಕಿಂತ ಜಾಸ್ತಿ ಹಳಿ ನಿರ್ವಹಣೆಯಲ್ಲೇ ಕಳೆದವನು. ಮಲೆನಾಡಿನಲ್ಲಿ ರೈಲ್ವೆಯ ಸಿವಿಲ್ ಕೆಲಸ ಅಂದರೆ ಮುಕ್ಕಾಲು ಪಾಲು ನೀರಿನ ಕೆಲಸ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿಗೆ ಹೋಗಬೇಕು, ಇಷ್ಟನ್ನು ಕಣ್ಣಿಂದ ನೋಡಿ ಕಲಿತರೆ ಉಳಿದದ್ದು ಪುಸ್ತಕದಲ್ಲಿ ಸಿಗುತ್ತದೆ. ಬೇಸಿಗೆಯಲ್ಲಿ ಬಂದ ಹುಡುಗರಿಗೆ ಇದನ್ನು ತೋರಿಸಬೇಕು ಅಂದರೂ ಆಗುವುದಿಲ್ಲ. ಒಣ ಕಾಲುವೆ ತೋರಿಸಿ "ಇಲ್ಲಿ ನೀರು ಹರಿಯುತ್ತೆ" ಅನ್ನಬಹುದು, ಅಷ್ಟೇ.

ನಿನ್ನ ಗೆಳತಿಯರಿಗೆ ಸಿಕ್ಕಿದ್ದು ಕಡಿಮೆ ಅಂತ ಹೇಳುತ್ತಿಲ್ಲ. ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ಮಾರ್ಗಕ್ಕೆ 2023ರ ಫೆಬ್ರುವರಿ 27ರಂದು ಅಡಿಗಲ್ಲು ಬಿತ್ತು. ರೈಲು ಬೋಗಿಗಳನ್ನು ನಿರ್ವಹಿಸುವ ಕೋಟೆಗಂಗೂರಿನ ಕೋಚಿಂಗ್ ಡಿಪೋಗೂ ಅದೇ ದಿನ. ಹೊಸ ಮಾರ್ಗ ಕಟ್ಟುವುದನ್ನು ನೋಡುವ ಅವಕಾಶ ದಿನಾ ಸಿಗುವಂಥದ್ದಲ್ಲ. ಮಣ್ಣನ್ನು ಪದರ ಪದರವಾಗಿ ಹಾಕಿ ರೋಲರ್ ಹೊಡೆಯುವುದು, ಗುಂಡಿ ತೋಡಿ ಮರಳು ಸುರಿದು ಮಣ್ಣಿನ ಸಾಂದ್ರತೆ ಅಳೆಯುವುದು, ಮೋರಿಗಳಿಗೆ ಕಾಂಕ್ರೀಟ್ ಹಾಕುವುದು, ಇವೆಲ್ಲ ಅಲ್ಲೇ ನೋಡಬೇಕು. ಆದರೆ ಜುಲೈನಲ್ಲಿ ಮಣ್ಣಿನ ಕೆಲಸ ಕುಂಟುತ್ತದೆ. ನೆನೆದ ಮಣ್ಣಿನ ಮೇಲೆ ರೋಲರ್ ಓಡಿಸಿ ಪ್ರಯೋಜನ ಇಲ್ಲ. ಒಂದು ಶನಿವಾರ ಅನುಮತಿ ಕೇಳಿಕೊಂಡು ನೀನೇ ಅಲ್ಲಿಗೆ ಹೋಗಿ ಬಾ. ಅವರನ್ನೂ ನಿನ್ನ ಕಡೆಗೆ ಒಂದು ದಿನ ಕರೆಸಿಕೋ.

ನೀನು ಕೆಲಸ ಕಲಿಯುವ ಮಾರ್ಗದ ಬಗ್ಗೆ ಸ್ವಲ್ಪ ತಿಳಿದಿರಲಿ. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ, ಮೈಸೂರು ಸಂಸ್ಥಾನದ ಕಾಲ. ಅಲ್ಲಿಂದ ಕುಂಸಿ, ಅರಸಾಳು, ಆನಂದಪುರ, ಸಾಗರ ದಾಟಿ ತಾಳಗುಪ್ಪ ಮುಟ್ಟುವುದಕ್ಕೆ ಇನ್ನೂ ಸುಮಾರು ನಲವತ್ತು ವರ್ಷ ಹಿಡಿಯಿತು. ಆಗ ಎರಡು ಹಳಿಗಳ ನಡುವೆ 1000 ಮಿಲಿಮೀಟರ್ ಇತ್ತು. ಈಗ 1676. ಬ್ರಾಡ್‌ಗೇಜ್ ಮಾಡಿದಾಗಲೂ ಬಹುಪಾಲು ಹಳೆಯ ಜಾಡಿನಲ್ಲೇ ಮಾಡಿದರು. ಹಾಗಾಗಿ ಅಜ್ಜಂದಿರ ಕಾಲದಲ್ಲಿ ಗುದ್ದಲಿ, ಬುಟ್ಟಿ ಹಿಡಿದು ಕಡಿದ ಧರೆಗಳ, ಅಂದರೆ ಗುಡ್ಡ ಕಡಿದು ಉಳಿದ ಮಣ್ಣಿನ ಗೋಡೆಗಳ, ಪಕ್ಕದಲ್ಲೇ ಇವತ್ತೂ ರೈಲು ಹೋಗುತ್ತದೆ. ಈ ಮಾರ್ಗ ಹುಬ್ಬಳ್ಳಿ ಕೇಂದ್ರವಾಗಿರುವ ನೈಋತ್ಯ ರೈಲ್ವೆಯ ಮೈಸೂರು ವಿಭಾಗಕ್ಕೆ ಸೇರಿದ್ದು. ನಿನ್ನ ಕಾಗದಪತ್ರ ಮೈಸೂರಿನ ವಿಭಾಗೀಯ ಕಚೇರಿಯದ್ದಾದರೂ ನಿನ್ನ ದಿನ ನಡೆಯುವುದು ಸೆಕ್ಷನ್ನಿನ ಸೀನಿಯರ್ ಸೆಕ್ಷನ್ ಇಂಜಿನಿಯರ್ ಹೇಳಿದ ಹಾಗೆ. ಅವರನ್ನು ಎಲ್ಲರೂ ಎಸ್‌ಎಸ್‌ಇ ಅನ್ನುತ್ತಾರೆ. ಅವರ ಕೆಳಗೆ ಜೆಇ ಅಂದರೆ ಜೂನಿಯರ್ ಇಂಜಿನಿಯರ್, ಗ್ಯಾಂಗಿನ ಮುಖ್ಯಸ್ಥನಾದ ಮೇಟ್, ಕೀಮ್ಯಾನ್, ಟ್ರ್ಯಾಕ್ ಮೇಂಟೈನರ್‌ಗಳು. ಗ್ಯಾಂಗ್‌ಮನ್ ಅನ್ನುವ ಹೆಸರು ಕಾಗದದಲ್ಲಿ ಹೋಗಿದೆ, ಬಾಯಲ್ಲಿ ಇನ್ನೂ ಇದೆ.

ಮೊದಲ ವಾರ ಕಚೇರಿಯಲ್ಲಿ ಕೂರಬೇಡ. ಕೀಮ್ಯಾನ್ ಜತೆ ನಡೆ.

ಕೀಮ್ಯಾನ್ ಅಂದರೆ ತನ್ನ ಬೀಟ್ ಅನ್ನು, ಅಂದರೆ ತನಗೆ ವಹಿಸಿದಷ್ಟು ಉದ್ದದ ಹಳಿಯನ್ನು, ದಿನಕ್ಕೊಮ್ಮೆ ಪೂರ್ತಿ ನಡೆದು ನೋಡುವವನು. ಹೆಗಲ ಮೇಲೆ ಸುತ್ತಿಗೆ, ಕೈಯಲ್ಲಿ ಸ್ಪ್ಯಾನರ್, ಕೆಂಪು ಹಸಿರು ಬಾವುಟ, ಚೀಲದಲ್ಲಿ ಡಿಟೊನೇಟರ್, ಅಂದರೆ ಅಪಾಯ ತಿಳಿಸಲು ಹಳಿಗೆ ಕಟ್ಟುವ ಪಟಾಕಿಯಂಥದ್ದು. ಅವನು ಸುಮ್ನೆ ನಡೆಯುತ್ತಿರುವ ಹಾಗೆ ಕಾಣುತ್ತದೆ. ಹಳಿಯ ಕೆಳಗೆ ಅಡ್ಡ ಇರುವ ಕಾಂಕ್ರೀಟ್ ತೊಲೆಗೆ ಸ್ಲೀಪರ್ ಅನ್ನುತ್ತಾರೆ. ಒಂದು ಕಿಲೋಮೀಟರ್‌ಗೆ ಅಂಥ 1660 ಸ್ಲೀಪರ್, ಒಂದೊಂದಕ್ಕೆ ಹಳಿಯನ್ನು ಹಿಡಿದಿಡುವ ನಾಲ್ಕು ಕ್ಲಿಪ್. ಅಂದರೆ ಕಿಲೋಮೀಟರ್‌ಗೆ 6640 ಕ್ಲಿಪ್ ಅವನ ಕಣ್ಣ ಕೆಳಗೆ ಹೋಗುತ್ತವೆ. ಒಂದೊಂದು ಕ್ಲಿಪ್ಪೂ ಹಳಿಯ ಬುಡವನ್ನು ಸುಮಾರು 850ರಿಂದ 1100 ಕಿಲೋ ಬಲದಲ್ಲಿ ಒತ್ತಿ ಹಿಡಿದಿರುತ್ತದೆ. ಹೊರಗೆ ಬಂದಿರುವ ಕ್ಲಿಪ್ ಕಂಡರೆ ಸುತ್ತಿಗೆಯಲ್ಲಿ ಹೊಡೆದು ಕೂರಿಸುತ್ತಾನೆ. ಆ ಶಬ್ದ ಕೇಳು. ಸರಿಯಾಗಿ ಕೂತ ಕ್ಲಿಪ್ ಗಟ್ಟಿ ಶಬ್ದ ಕೊಡುತ್ತದೆ. ತುಕ್ಕು ಹಿಡಿದು ಬಿಗಿ ಕಳೆದುಕೊಂಡದ್ದು ಮೊಂಡು ಶಬ್ದ ಕೊಡುತ್ತದೆ. ಮೂರು ದಿನದಲ್ಲಿ ನಿನಗೂ ವ್ಯತ್ಯಾಸ ಗೊತ್ತಾಗುತ್ತದೆ.

ಈ ಕ್ಲಿಪ್ಪಿನ ಹಿಂದೆ ಇರುವ ಲೆಕ್ಕ ನೋಡಿದರೆ ಅವನ ಸುತ್ತಿಗೆಯ ಬೆಲೆ ತಿಳಿಯುತ್ತದೆ. ಈಗ ಹಳಿಗಳನ್ನು ಬೆಸೆದು ಉದ್ದಕ್ಕೆ ಒಂದೇ ಮಾಡಿರುತ್ತಾರೆ. ಬಿಸಿಲಿಗೆ ಹಳಿ ಹಿಗ್ಗಬೇಕು, ಆದರೆ ಕ್ಲಿಪ್, ಸ್ಲೀಪರ್, ಜಲ್ಲಿ ಸೇರಿ ಹಿಗ್ಗಲು ಬಿಡುವುದಿಲ್ಲ. ಬಿಟ್ಟಿದ್ದರೆ 20 ಡಿಗ್ರಿ ಏರಿಕೆಗೆ ಒಂದು ಕಿಲೋಮೀಟರ್ ಹಳಿ ಸುಮಾರು 230 ಮಿಲಿಮೀಟರ್ ಉದ್ದವಾಗುತ್ತಿತ್ತು. ಬಿಡದಿದ್ದರೆ ಆ ಬಲ ಹಳಿಯೊಳಗೇ ಕೂರುತ್ತದೆ. ಮೀಟರ್‌ಗೆ 60 ಕಿಲೋ ತೂಗುವ ಹಳಿಯಲ್ಲಿ ಡಿಗ್ರಿಗೆ ಸುಮಾರು 1.9 ಟನ್. 20 ಡಿಗ್ರಿಗೆ 38 ಟನ್, ಒಂದು ಹಳಿಗೆ. ಅದು ಪಕ್ಕಕ್ಕೆ ಬಾಗದೆ ಇರುವುದು ಸ್ಲೀಪರ್ ತುದಿಯಲ್ಲಿ ಒಟ್ಟಿರುವ ಜಲ್ಲಿಯ ದಯೆ. ಮಳೆಗಾಲದಲ್ಲಿ ಈ ಚಿಂತೆ ಕಡಿಮೆ. ಆದರೆ ಗ್ಯಾಂಗಿನವರು ಬುಟ್ಟಿ ಹಿಡಿದು ಸ್ಲೀಪರ್ ತುದಿಗೆ ಜಲ್ಲಿ ಒಟ್ಟುವುದನ್ನು ಕಂಡಾಗ ಅದು ಯಾಕೆ ಅಂತ ನಿನಗೆ ಗೊತ್ತಿರಬೇಕು. ಅವರಿಗೆ ಲೆಕ್ಕ ಗೊತ್ತಿಲ್ಲದಿರಬಹುದು, ಏಪ್ರಿಲ್ ಬಿಸಿಲಲ್ಲಿ ಹಳಿ ಸೊಟ್ಟಗಾಗುವುದು ಗೊತ್ತು.

ಈಗ ಹುಲ್ಲಿನ ವಿಷಯಕ್ಕೆ ಬರುತ್ತೇನೆ. ಗೆಳತಿಯರು ನಗುತ್ತಾರಲ್ಲ, ಆ ಹುಲ್ಲು.

ಜಲ್ಲಿಯ ಕಲ್ಲುಗಳು 20ರಿಂದ 65 ಮಿಲಿಮೀಟರ್ ಗಾತ್ರದವು. ಕಲ್ಲುಗಳ ನಡುವೆ ಸಂದು ಇರಬೇಕು ಅಂತಲೇ ಆ ಗಾತ್ರ. ಬಿದ್ದ ಮಳೆ ಆ ಸಂದಿನಲ್ಲಿ ಇಳಿದು ಪಕ್ಕಕ್ಕೆ ಹೋಗಬೇಕು. ಮಣ್ಣು, ಎಲೆ, ಕಲ್ಲಿನ ಪುಡಿ ಸಂದು ತುಂಬಿದರೆ ಹುಲ್ಲು ಹುಟ್ಟುತ್ತದೆ. ಹುಲ್ಲು ಕಂಡ ಕಡೆ ನೀರಿನ ದಾರಿ ಕಟ್ಟಿದೆ ಅಂತ ತಿಳಿ. ಇನ್ನು ಮೂರು ಮಳೆಗೆ ಅಲ್ಲಿ ಏನಾಗುತ್ತದೆ ನೋಡು. ರೈಲು ಬಂದಾಗ ಸ್ಲೀಪರ್ ಕೆಳಗೆ ಒತ್ತುತ್ತದೆ, ಹೋದಾಗ ಮೇಲೆ ಬರುತ್ತದೆ. ಕೆಳಗೆ ನಿಂತ ನೀರು ಮಣ್ಣನ್ನು ಕಲಸಿಕೊಂಡು ಸ್ಲೀಪರ್ ಅಂಚಿನಿಂದ ಪಿಚಕ್ ಅಂತ ಹೊರಗೆ ಹಾರುತ್ತದೆ. ನಮ್ಮ ಕಡೆ ಅದು ಕೆಂಪು ರಾಡಿ. ಕಾಂಕ್ರೀಟ್ ಸವೆದ ಪುಡಿ ಸೇರಿದರೆ ಬೂದಿ ಬಣ್ಣ. ಮಳೆ ನಿಂತು ಅರ್ಧ ದಿನ ಬಿಸಿಲು ಬಿದ್ದರೆ ಸುತ್ತಲಿನ ಜಲ್ಲಿ ತೊಳೆದ ಹಾಗೆ ಕಪ್ಪಗಿರುತ್ತದೆ. ನಾಲ್ಕು ಸ್ಲೀಪರ್ ಹತ್ತಿರ ಮಾತ್ರ ಜಲ್ಲಿ ಮೇಲೆ ಒಣಗಿದ ರಾಡಿಯ ಸಿಡಿತ ಇರುತ್ತದೆ. ಅದನ್ನು ಪಂಪಿಂಗ್ ಅನ್ನುತ್ತಾರೆ. ಅಲ್ಲಿ ಹಳಿ ತಗ್ಗಿರುತ್ತದೆ, ರೈಲು ಪ್ರತಿ ಸಲ ಅಲ್ಲಿ ಕುಕ್ಕುತ್ತದೆ, ಕುಕ್ಕಿದಷ್ಟೂ ಇನ್ನೂ ತಗ್ಗುತ್ತದೆ.

ಇಂಥ ಒಂದು ಜಾಗವನ್ನು ನೀನೇ ಹುಡುಕು. ಯಾರೂ ತೋರಿಸುವ ಮೊದಲು ಹುಡುಕು. ಆಮೇಲೆ ಮೇಟ್ ಹತ್ತಿರ ಹೋಗಿ "ಇಲ್ಲಿ ಯಾವಾಗಿಂದ ಹೀಗೆ?" ಅಂತ ಕೇಳು. ಮೇಟ್ ಮೇಲಿನ ಧರೆಯ ಕಡೆ ಕೈ ತೋರಿಸಿದರೆ ಆಶ್ಚರ್ಯಪಡಬೇಡ.

ಧರೆಯ ವಿಷಯ ನಿನಗೆ ನಾನು ಹೇಳಬೇಕಾಗಿಲ್ಲ, ಮಲೆನಾಡಿನ ಮನೆಯವಳು ನೀನು. ಮನೆ ಹಿಂದಿನ ಧರೆಯ ಮೇಲ್ಗಡೆ ಕಾಲುವೆ ತೋಡಿ ಗುಡ್ಡದ ನೀರನ್ನು ಬೇರೆ ಕಡೆ ತಿರುಗಿಸುತ್ತಾರೆ ಅಲ್ವಾ? ಅಡಿಕೆ ತೋಟದಲ್ಲಿ ಬಸಿಗಾಲುವೆ ತೆಗೆಯುತ್ತಾರೆ. ರೈಲ್ವೆಯಲ್ಲೂ ಅದೇ ಎರಡು ಕೆಲಸ. ಧರೆಯ ತಲೆಯ ಮೇಲೆ ಕ್ಯಾಚ್ ವಾಟರ್ ಡ್ರೈನ್, ಧರೆಯ ಬುಡದಲ್ಲಿ ಹಳಿಯ ಪಕ್ಕ ಸೈಡ್ ಡ್ರೈನ್. ಬುಡದ್ದು ಎಲ್ಲರ ಕಣ್ಣಿಗೆ ಬೀಳುತ್ತದೆ. ತಲೆಯ ಮೇಲಿನದು ಕಾಡಿನಲ್ಲಿ, ಲಂಟಾನದ ಪೊದೆಯೊಳಗೆ ಇರುತ್ತದೆ. ಹಾಳಾಗುವುದು ಅದೇ ಮೊದಲು.

ನಮ್ಮ ಕಡೆಯ ಮಣ್ಣೂ ಇದಕ್ಕೆ ಸೇರಿಕೊಳ್ಳುತ್ತದೆ. ಮೇಲೆ ಜಂಬಿಟ್ಟಿಗೆ, ಕೆಲವು ಕಡೆ ಅದರ ಕೆಳಗೆ ಬಿಳಿಯ, ನುಣುಪಾದ ಶೇಡಿ ಮಣ್ಣು. ಜಂಬಿಟ್ಟಿಗೆಯಲ್ಲಿ ತೂತು ಜಾಸ್ತಿ, ನೀರು ಸಲೀಸಾಗಿ ಇಳಿಯುತ್ತದೆ. ಶೇಡಿ ನೀರನ್ನು ಬೇಗ ಕೆಳಗೆ ಬಿಡುವುದಿಲ್ಲ, ನೆನೆದು ಬೆಣ್ಣೆಯ ಹಾಗಾಗುತ್ತದೆ. ಮೇಲಿನ ಭಾರ ಎಲ್ಲ ಆ ಬೆಣ್ಣೆಯ ಮೇಲೆ ಕೂತಿರುತ್ತದೆ. ಅದಕ್ಕೇ ಧರೆ ಒಮ್ಮೊಮ್ಮೆ ಮಳೆ ನಿಂತ ಮೇಲೆ, ಎರಡನೇ ದಿನ ಬಿಸಿಲು ಬಂದಾಗ ಜಾರುತ್ತದೆ. ಮೇಲೆ ಒಣಗಿದೆ ಅಂತ ಒಳಗೂ ಒಣಗಿರುವುದಿಲ್ಲ. ಧರೆಯ ತಲೆಯ ಮೇಲೆ ಹುಲ್ಲಿನ ನಡುವೆ ಉದ್ದುದ್ದ ಬಿರುಕು, ಒಂದೇ ಕಡೆ ವಾಲಿದ ಮರ, ನಿನ್ನೆ ಇಲ್ಲದ ಒರತೆ, ತಿಳಿಯಾಗಿ ಬರುತ್ತಿದ್ದ ಒರತೆ ಕದಡಿ ಬರುವುದು, ಇವನ್ನು ಕಂಡರೆ ಫೋಟೊ ತೆಗೆಯುತ್ತಾ ನಿಲ್ಲಬೇಡ. ಮೊದಲು ಮೇಟ್‌ಗೆ, ಎಸ್‌ಎಸ್‌ಇಗೆ ಹೇಳು.

ಇದು ಸುಮ್ನೆ ಹೆದರಿಸುವ ಮಾತಲ್ಲ. ಮಲೆನಾಡಿನ ಇನ್ನೊಂದು ತುದಿಯಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿ ಇದೆ. 55 ಕಿಲೋಮೀಟರ್‌ನಲ್ಲಿ 57 ಸುರಂಗ, 50 ಮೀಟರ್ ಹೋದರೆ 1 ಮೀಟರ್ ಏರು. 2018ರ ಆಗಸ್ಟ್ ಮಳೆಗೆ ಅಲ್ಲಿ ಸಾಲುಸಾಲಾಗಿ ಗುಡ್ಡ ಕುಸಿದು ಮಾರ್ಗ ವಾರಗಟ್ಟಲೆ ಮುಚ್ಚಿತ್ತು. 2024ರ ಜುಲೈ 26ರಂದು ಎಡಕುಮೇರಿ–ಕಡಗರವಳ್ಳಿ ನಡುವೆ ಮತ್ತೆ ಕುಸಿಯಿತು. ಆ ಸಲ ಹೋದದ್ದು ಹಳಿಯ ಮೇಲಿನ ಗುಡ್ಡವಲ್ಲ, ಹಳಿ ಕೂತಿದ್ದ ಏರಿಯ ಮಣ್ಣು. ಕಣಿವೆ ಕಡೆಗೆ ಜಾರಿ ಹೋಯಿತು. ತಂತಿ ಬಲೆಯೊಳಗೆ ಕಲ್ಲು ತುಂಬಿದ ಗೋಡೆ ಕಟ್ಟಿ ಏರಿಯನ್ನು ಮತ್ತೆ ನಿಲ್ಲಿಸಬೇಕಾಯಿತು. ಅದಕ್ಕೆ ಗೇಬಿಯನ್ ಅನ್ನುತ್ತಾರೆ. ಕಾಂಕ್ರೀಟ್ ಗೋಡೆ ಬಿಟ್ಟು ಕಲ್ಲಿನ ಪಂಜರ ಯಾಕೆ? ಪಂಜರದ ಸಂದಿನಿಂದ ನೀರು ಹೊರಗೆ ಬರುತ್ತದೆ. ನೀರು ಹಿಂದೆ ಕಟ್ಟಿಕೊಂಡು ಗೋಡೆಯನ್ನು ತಳ್ಳುವುದಿಲ್ಲ. ಅಲ್ಲೂ ನೀರಿನ ದಾರಿಯದೇ ಲೆಕ್ಕ.

ನಿನ್ನ ವರದಿಗೆ ನಾನು ಹೇಳುವ ವಿಷಯ ಇದೇ: ಒಂದು ಧರೆ, ಅದರ ಒಂದು ಕಾಲುವೆ. ಅಷ್ಟೇ ಸಾಕು. ಎಸ್‌ಎಸ್‌ಇ ಒಪ್ಪಿದ, ನಡೆದು ಹೋಗಲು ಸುರಕ್ಷಿತವಾದ ಜಾಗ ಆರಿಸಿಕೋ. ಆ ಧರೆಗೆ ಎಷ್ಟು ಗುಡ್ಡದ ನೀರು ಬರುತ್ತದೆ ಅಂತ ನಕ್ಷೆಯಲ್ಲಿ ಗುರುತು ಮಾಡು. ನಿನಗೆ ತರಗತಿಯಲ್ಲಿ ಹೇಳಿಕೊಟ್ಟ ರ್‍ಯಾಷನಲ್ ಸೂತ್ರವೇ ಸಾಕು. ಉದಾಹರಣೆಗೆ 4 ಹೆಕ್ಟೇರ್ ಗುಡ್ಡ, ಗಂಟೆಗೆ 60 ಮಿಲಿಮೀಟರ್ ಮಳೆ, ಬಿದ್ದದ್ದರಲ್ಲಿ ಅರ್ಧ ಹರಿದು ಬರುತ್ತದೆ ಅಂತ ಇಟ್ಟುಕೋ. 0.5 ಗುಣಿಸು 60 ಗುಣಿಸು 4, ಅದನ್ನು 360ರಿಂದ ಭಾಗಿಸು. ಸೆಕೆಂಡಿಗೆ ಸುಮಾರು 333 ಲೀಟರ್.

ಈಗ ಕಾಲುವೆ ಅಷ್ಟು ಹೊರುತ್ತದಾ? 600 ಮಿಲಿಮೀಟರ್ ಅಗಲದ ಕಾಂಕ್ರೀಟ್ ಕಾಲುವೆ, 450 ಮಿಲಿಮೀಟರ್ ನೀರು, 200ಕ್ಕೆ 1 ಇಳಿಜಾರು ಅನ್ನು. ಕಾಲುವೆಯ ಹರಿವು ಲೆಕ್ಕ ಹಾಕುವ ಮ್ಯಾನಿಂಗ್ ಸೂತ್ರದಲ್ಲಿ ಒರಟುತನಕ್ಕೆ 0.015 ಹಾಕಿದರೆ ಸೆಕೆಂಡಿಗೆ ಸುಮಾರು 400 ಲೀಟರ್ ಬರುತ್ತದೆ. ಸಾಕು, ಪಾಸು. ಡ್ರಾಯಿಂಗ್ ಮಾಡಿದವರ ಲೆಕ್ಕ ಇಲ್ಲಿಗೆ ಮುಗಿಯುತ್ತದೆ.

ನೀನು ಇಲ್ಲಿಂದ ಶುರು ಮಾಡು. ಅದೇ ಕಾಲುವೆಗೆ ತಳದಲ್ಲಿ 150 ಮಿಲಿಮೀಟರ್ ಮಣ್ಣು ಕೂತಿದೆ, ಹುಲ್ಲು ಬೆಳೆದಿದೆ. ನೀರಿಗೆ ಉಳಿದ ಆಳ 300. ಒರಟುತನ 0.035. ಮತ್ತೆ ಲೆಕ್ಕ ಹಾಕು. ಸೆಕೆಂಡಿಗೆ ಸುಮಾರು 100 ಲೀಟರ್! ಆಳ ಕಡಿಮೆಯಾದದ್ದು ಮೂರನೇ ಒಂದು ಪಾಲು. ಹೊರುವ ಶಕ್ತಿ ನಾಲ್ಕನೇ ಒಂದಕ್ಕೆ ಇಳಿಯಿತು. ಉಳಿದ 230 ಲೀಟರ್ ಎಲ್ಲಿಗೆ ಹೋಗುತ್ತದೆ? ಕಾಲುವೆ ಉಕ್ಕಿ ಜಲ್ಲಿಯೊಳಗೆ. ನಿನಗೆ ಕಂಡ ಪಂಪಿಂಗ್ ಸ್ಲೀಪರ್ ಅಲ್ಲೇ ಹತ್ತಿರ ಇರುತ್ತದೆ. ಹುಲ್ಲು ಕೀಳುವ, ಹೂಳು ಎತ್ತುವ ನಾಲ್ಕು ಜನ ಒಂದು ದಿನದಲ್ಲಿ ಆ ಕಾಲುವೆಗೆ ಏನು ಮರಳಿ ಕೊಡುತ್ತಾರೆ ಅಂತ ನಿನ್ನ ವರದಿಯಲ್ಲಿ ಅಂಕಿಯಲ್ಲಿ ಬರೆ. ನಾನು ನೋಡಿದ ಇಂಟರ್ನ್‌ಶಿಪ್ ವರದಿಗಳಲ್ಲಿ ಯಾರೂ ಇದನ್ನು ಬರೆದಿರಲಿಲ್ಲ. ನೀನು ಬರೆದರೆ ನಾನು ಕೂತು ಪೂರ್ತಿ ಓದುತ್ತೇನೆ.

ಮಳೆಯ ಅಂಕಿ ನಿನ್ನದೇ ಇರಲಿ. ಸಾಧ್ಯವಾದರೆ ಮನೆಯಂಗಳದಲ್ಲಿ ನೇರ ಗೋಡೆಯ ಪಾತ್ರೆ ಇಟ್ಟು ದಿನಾ ಬೆಳಿಗ್ಗೆ ಸ್ಕೇಲಿನಲ್ಲಿ ಅಳೆದು ಬರೆದುಕೋ. ಮರದ ಕೆಳಗೆ, ಮಾಡಿನ ಹನಿ ಬೀಳುವ ಕಡೆ ಇಡಬೇಡ. ಕಾಲುವೆಯ ಗೋಡೆ ಮೇಲೆ ನೀರು ಬಿಟ್ಟು ಹೋದ ಗುರುತನ್ನೂ ಪ್ರತಿ ಸಲ ಅಳೆ. ಆರು ವಾರದಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಳ್ಳೆಯ ಚಿತ್ರ ಸಿಗುತ್ತದೆ.

ಮೋರಿ, ಸೇತುವೆಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಆ ಕೆಲಸಕ್ಕೆ ಬೇರೆ ಸಿಬ್ಬಂದಿ ಇರುತ್ತಾರೆ. ಆದರೆ ದಾಟುವ ಪ್ರತಿ ಮೋರಿಯ ನಂಬರ್ ಬರೆದುಕೋ. ನೀರು ಹರಿಯುವ ದಿಕ್ಕಿಗೆ ಬಾಣದ ಗುರುತು ಬರೆದಿರುತ್ತಾರೆ. ದೊಡ್ಡ ಸೇತುವೆಗಳ ಕಂಬದ ಮೇಲೆ ಅಪಾಯದ ಮಟ್ಟಕ್ಕೆ ಬಣ್ಣದ ಗೆರೆ ಇರುತ್ತದೆ. ಶಿವಮೊಗ್ಗದಲ್ಲಿ ತುಂಗೆ ತುಂಬಿ ಹರಿಯುವ ದಿನ ರೈಲ್ವೆ ಸೇತುವೆಯ ಕಂಬಗಳನ್ನು ರಸ್ತೆ ಕಡೆಯಿಂದಲೇ ನೋಡು. ಕಂಬದ ಮುಂದೆ ನೀರು ಉಬ್ಬಿ ಪಕ್ಕದಲ್ಲಿ ಸುಳಿ ಸುತ್ತುತ್ತದಲ್ಲ, ಬುಡದ ಮರಳನ್ನು ಕೊರೆಯುವುದು ಆ ಸುಳಿಯೇ. ಪುಸ್ತಕದಲ್ಲಿ ಸ್ಕೌರ್ ಅಂತ ಓದಿದ್ದು ಅದನ್ನೇ.

ಮಳೆ ತೀರಾ ಬಿಟ್ಟಿರುವ ಒಂದು ದಿನ ತಿರುವು ಅಳೆಯುವುದನ್ನು ಕಲಿ. ಇದು ನನಗೆ ತುಂಬ ಇಷ್ಟದ ಕೆಲಸ. ಬೇಕಾದದ್ದು 20 ಮೀಟರ್ ಮೀನು ಹಿಡಿಯುವ ದಾರ, ಒಂದು ಸ್ಕೇಲ್, ಮೂರು ಜನ. ಹೊರ ಹಳಿಯ ಒಳಮೈಗೆ ದಾರವನ್ನು ಎರಡೂ ತುದಿಯಲ್ಲಿ ಬಿಗಿಯಾಗಿ ಹಿಡಿಯಬೇಕು. ನಟ್ಟ ನಡುವೆ ದಾರಕ್ಕೂ ಹಳಿಗೂ ಇರುವ ಅಂತರ ಅಳೆಯಬೇಕು. ಅದೇ ವರ್ಸೈನ್. 50,000ವನ್ನು ಆ ಮಿಲಿಮೀಟರ್‌ನಿಂದ ಭಾಗಿಸಿದರೆ ತಿರುವಿನ ತ್ರಿಜ್ಯ ಮೀಟರ್‌ನಲ್ಲಿ ಬರುತ್ತದೆ. 50 ಬಂದರೆ 1000 ಮೀಟರ್. ಹತ್ತು ಹತ್ತು ಮೀಟರ್‌ಗೆ ಮುಂದೆ ಸರಿಯುತ್ತಾ ಅಳೆದುಕೊಂಡು ಹೋಗು. ಎಲ್ಲ ಕಡೆ 50ರ ಹತ್ತಿರ ಬಂದರೆ ತಿರುವು ನಯವಾಗಿದೆ. 50, 42, 66, 42, 50 ಅಂತ ಬಂತು ಅನ್ನು. 66 ಬಂದ ಜಾಗದಲ್ಲಿ ಹಳಿ 16 ಮಿಲಿಮೀಟರ್ ಹೊರಕ್ಕೆ ಸರಿದಿದೆ. ಒಂದು ಜಾಗ ಹೊರಗೆ ಹೋದಷ್ಟು ಅಲ್ಲಿನ ವರ್ಸೈನ್ ಏರುತ್ತದೆ, ಎರಡು ಪಕ್ಕದಲ್ಲೂ ಅದರ ಅರ್ಧ ಇಳಿಯುತ್ತದೆ. ಈ ಒಂದು ಮಾತು ಅರ್ಥವಾದರೆ ಕಂಪ್ಯೂಟರ್ ಇಲ್ಲದೆ ಹಳಿಯ ಕಾಯಿಲೆ ಹೇಳಬಹುದು. ಎಸ್‌ಎಸ್‌ಇ ಜತೆ ಹಳಿ ಮೇಲೆ ಜನ ತಳ್ಳುವ ಪುಷ್ ಟ್ರಾಲಿಯಲ್ಲಿ ಹೋಗುವ ಅವಕಾಶ ಬಂದರೆ ಅದೇ ತಿರುವಿನಲ್ಲಿ ಮೈ ಎಲ್ಲಿ ಅಲುಗುತ್ತದೆ ಅಂತ ಗಮನಿಸು.

ಇನ್ನು ಅಮ್ಮನ ಭಯ. ಅದು ಸರಿಯಾದ ಭಯ, ಅದನ್ನು ತಳ್ಳಿಹಾಕಬೇಡ. ಮಳೆಯಲ್ಲಿ ರೈಲಿನ ಸದ್ದು ಕೇಳುವುದಿಲ್ಲ. ತಿರುವಿನಲ್ಲಿ, ಧರೆಯ ನಡುವೆ, ಇನ್ನೂ ಇಲ್ಲ. ಒಬ್ಬಳೇ ಹಳಿಗೆ ಇಳಿಯಬೇಡ, ಹತ್ತು ಹೆಜ್ಜೆಗೂ ಬೇಡ. ನೀನು ಅಳೆಯುವಾಗ ರೈಲು ನೋಡಲೆಂದೇ ಬಾವುಟ ಹಿಡಿದ ಒಬ್ಬರು ನಿಂತಿರಬೇಕು. ಆ ವ್ಯಕ್ತಿ ಅಳತೆಗೆ ಕೈ ಹಾಕಬಾರದು. ನಡೆಯುವುದು ಸೆಸ್ ಮೇಲೆ, ಅಂದರೆ ಜಲ್ಲಿಯ ಪಕ್ಕದ ಮಣ್ಣಿನ ದಾರಿಯಲ್ಲಿ. ಹಳಿಯ ತಲೆ ಮೇಲೆ ಕಾಲಿಡಬೇಡ, ನೆನೆದ ಉಕ್ಕು ಸೋಪಿನ ಹಾಗೆ ಜಾರುತ್ತದೆ. ದಾಟಿ ಹೋಗು. ಕಿವಿಗೆ ಇಯರ್‌ಫೋನ್ ಬೇಡ, ಕಿವಿ ಮುಚ್ಚುವ ಟೋಪಿಯೂ ಬೇಡ. ಕೊಡೆ ಕೂಡ ಬೇಡ, ಎದುರು ಕಾಣುವುದಿಲ್ಲ. ರೈನ್‌ಕೋಟ್, ಅದರ ಮೇಲೆ ಹೊಳೆಯುವ ಜಾಕೆಟ್, ಗಟ್ಟಿ ಶೂ. ಉಂಬಳಕ್ಕೆ ಸುಣ್ಣ, ಹೊಗೆಸೊಪ್ಪು ಏನು ಹಚ್ಚಬೇಕು ಅಂತ ಅಮ್ಮನೇ ಹೇಳುತ್ತಾರೆ.

ಮೇಲೆ ವಿದ್ಯುತ್ ತಂತಿ ಇರುವ ಕಡೆ ಇನ್ನೊಂದು ಎಚ್ಚರ ಬೇಕು. ಅದರಲ್ಲಿ 25,000 ವೋಲ್ಟ್ ಇರುತ್ತದೆ. ಮುಟ್ಟಲೇಬೇಕು ಅಂತಿಲ್ಲ, ಹತ್ತಿರ ಹೋದರೂ ಹಾರುತ್ತದೆ. ಕಾಲೇಜಿನಿಂದ ತಂದ ಅಲ್ಯೂಮಿನಿಯಂ ಲೆವೆಲಿಂಗ್ ಸ್ಟಾಫ್ 4 ಮೀಟರ್ ಎತ್ತರಕ್ಕೆ ಬಿಚ್ಚಿಕೊಳ್ಳುತ್ತದೆ. ಏರಿಯ ಮೇಲೆ ನಿಂತು ಅದನ್ನು ಎತ್ತಿದರೆ ತಂತಿಗೆ ಎಷ್ಟು ಹತ್ತಿರ ಬಂತು ಅಂತ ಯೋಚಿಸು. ಎಸ್‌ಎಸ್‌ಇಯನ್ನು ಕೇಳದೆ ಅದನ್ನು ಹಳಿಯ ಹತ್ತಿರ ಬಿಚ್ಚಲೇಬಾರದು.

ಟೇಪಿನ ವಿಷಯ ನನ್ನ ಅನುಭವದಿಂದಲೇ ಹೇಳುತ್ತೇನೆ. ಸೇರಿದ ಮೊದಲ ವರ್ಷ, ಒಂದು ಸ್ಟೇಷನ್ ಯಾರ್ಡಿನಲ್ಲಿ ಹಳಿಗಳ ಅಂತರ ಅಳೆಯಲು ಸ್ಟೀಲ್ ಟೇಪನ್ನು ಎರಡು ಹಳಿಗಳ ಮೇಲೆ ಅಡ್ಡ ಇಟ್ಟೆ. ಹಸಿರು ಕೊಟ್ಟಿದ್ದ ಸಿಗ್ನಲ್ ಕೆಂಪಾಯಿತು. ಬರುತ್ತಿದ್ದ ರೈಲು ಬ್ರೇಕ್ ಹಾಕಿ ಹೊರಗೇ ನಿಂತಿತು. ಯಾರ್ಡಿನ ಹಳಿಗಳಲ್ಲಿ ಸಣ್ಣ ವಿದ್ಯುತ್ ಹರಿಯುತ್ತಿರುತ್ತದೆ. ರೈಲಿನ ಗಾಲಿ ಎರಡು ಹಳಿಗಳನ್ನು ಸೇರಿಸಿದಾಗ "ಇಲ್ಲಿ ರೈಲಿದೆ" ಅಂತ ಸಿಗ್ನಲ್‌ಗೆ ಗೊತ್ತಾಗುವುದು ಅದರಿಂದಲೇ. ನನ್ನ ಟೇಪ್ ಗಾಲಿಯ ಕೆಲಸ ಮಾಡಿತ್ತು. ಆ ದಿನ ಯಾರಿಗೂ ಏನೂ ಆಗಲಿಲ್ಲ, ಆದರೆ ಮುನ್ನೂರು ನಾನೂರು ಜನರನ್ನು ಕಾರಣವಿಲ್ಲದೆ ನಿಲ್ಲಿಸಿದೆ ಅನ್ನುವುದು ಇವತ್ತಿಗೂ ಮನಸ್ಸಿನಲ್ಲಿದೆ. ನಮಗೆ ಟ್ರೇನಿಂಗ್ ಕೊಟ್ಟವರು ಈ ಒಂದು ಮಾತು ಹೇಳಿರಲಿಲ್ಲ. ನಿನಗೆ ನಾನು ಹೇಳುತ್ತಿದ್ದೇನೆ: ಬಟ್ಟೆಯ ಟೇಪ್ ಅಥವಾ ಫೈಬರ್ ಟೇಪ್ ತೆಗೆದುಕೊಂಡು ಹೋಗು. ಗ್ಯಾಂಗಿನವರ ಗೇಜ್ ಪಟ್ಟಿಯ ತುದಿಯಲ್ಲಿ ಇನ್ಸುಲೇಷನ್ ಇರುತ್ತದೆ, ಅದು ಯಾಕೆ ಅಂತ ಈಗ ಗೊತ್ತಾಯಿತಲ್ಲ.

ಹೆಣ್ಣುಮಕ್ಕಳಿಗೆ ಇನ್ನೊಂದು ಕಷ್ಟ ಇದೆ, ಅದನ್ನು ಬಾಯಿಬಿಟ್ಟು ಹೇಳಬೇಕು. ಸೆಕ್ಷನ್ನಿನ ನಡುವೆ ಶೌಚಾಲಯ ಇರುವುದಿಲ್ಲ. ಈಗ ಟ್ರ್ಯಾಕ್ ಮೇಂಟೈನರ್ ಕೆಲಸದಲ್ಲೂ ಹೆಣ್ಣುಮಕ್ಕಳಿದ್ದಾರೆ, ಅವರು ದಿನಾ ಇದನ್ನು ಅನುಭವಿಸುತ್ತಾರೆ. ಸರಿಯಾಗಬೇಕಾದದ್ದು ಇನ್ನೂ ಬೇಕಾದಷ್ಟಿದೆ. ಮೊದಲ ದಿನವೇ ಎಸ್‌ಎಸ್‌ಇಗೆ ಹೇಳಿ, ನಡಿಗೆ ಸ್ಟೇಷನ್‌ನಿಂದ ಸ್ಟೇಷನ್‌ಗೆ ಇರುವ ಹಾಗೆ ಅಥವಾ ಗೇಟ್ ಹತ್ತಿರ ಮುಗಿಯುವ ಹಾಗೆ ಗೊತ್ತು ಮಾಡಿಕೋ. ನೀರು ಕುಡಿಯದೆ ಇರಬೇಡ. ಹೇಳಲು ಮುಜುಗರ ಆದರೆ ಕಾಗದದಲ್ಲಿ ಬರೆದು ಕೊಡು.

ರಾತ್ರಿ ಪೆಟ್ರೋಲಿಂಗ್‌ಗೆ, ಅಂದರೆ ಹಳಿ ಕಾಯುತ್ತಾ ನಡೆಯುವ ಕೆಲಸಕ್ಕೆ, ನಿನ್ನನ್ನು ಕಳಿಸುವುದಿಲ್ಲ, ಕಳಿಸಲೂಬಾರದು. ಆದರೆ ಬೆಳಿಗ್ಗೆ ಮುಗಿಸಿ ಬಂದ ಪೆಟ್ರೋಲ್‌ಮನ್ ಜತೆ ಒಂದು ಚಹಾ ಕುಡಿ. ಸುರಿಯುವ ಮಳೆಯಲ್ಲಿ ಒಂದು ಟಾರ್ಚ್ ಹಿಡಿದು ನಡೆದು ಬಂದಿರುತ್ತಾರೆ. ಹಳಿ ಮೇಲೆ ಮರ ಬಿದ್ದಿದ್ದು ಕಂಡರೆ ಅವರು ಏನು ಮಾಡಬೇಕು ಅಂತ ಕೇಳು. ಬರುವ ರೈಲಿನ ಕಡೆಗೆ ಕೆಂಪು ದೀಪ ತೋರಿಸುತ್ತಾ ಓಡಬೇಕು. 600 ಮೀಟರ್‌ನಲ್ಲಿ ಒಂದು ಡಿಟೊನೇಟರ್ ಹಳಿಗೆ ಕಟ್ಟಬೇಕು. 1200 ಮೀಟರ್‌ನಲ್ಲಿ ಹತ್ತು ಹತ್ತು ಮೀಟರ್ ಅಂತರದಲ್ಲಿ ಮೂರು ಕಟ್ಟಬೇಕು. ಗಾಲಿ ಹತ್ತಿದಾಗ ಅದು ಸಿಡಿಯುತ್ತದೆ, ಡ್ರೈವರ್ ನಿಲ್ಲಿಸುತ್ತಾನೆ. ಕತ್ತಲೆಯಲ್ಲಿ, ಜಲ್ಲಿ ಮೇಲೆ 1200 ಮೀಟರ್ ಓಡುವುದು ಅಂದರೇನು ಅಂತ ಹಗಲಲ್ಲಿ ಒಂದು ಸಲ ಸೆಸ್ ಮೇಲೆ ನಡೆದು ನೋಡು. ಅವರ ಹೆಸರು ಕೇಳಿಕೊಂಡು ಹೆಸರಿನಿಂದಲೇ ಮಾತಾಡಿಸು. ದೊಡ್ಡವರಾದರೆ ಅಣ್ಣ ಅನ್ನು.

ವರದಿಯ ಬಗ್ಗೆ ಇನ್ನೆರಡು ಮಾತು. 1853ರಲ್ಲಿ ಬೋರಿ ಬಂದರ್‌ನಿಂದ ಠಾಣೆಗೆ ಮೊದಲ ರೈಲು ಓಡಿತು ಅಂತ ಶುರು ಮಾಡಬೇಡ. ಎಲ್ಲರ ವರದಿಯೂ ಅಲ್ಲಿಂದಲೇ ಹೊರಡುತ್ತದೆ, ನಿನ್ನ ಧರೆಗೆ ಬರುವ ಹೊತ್ತಿಗೆ ಓದುವವರು ಸುಸ್ತಾಗಿರುತ್ತಾರೆ. ನಿನ್ನ ಧರೆಯ ಕಿಲೋಮೀಟರ್ ನಂಬರ್‌ನಿಂದ ಶುರು ಮಾಡು. ಹಳಿಗೆ ಸಂಬಂಧಿಸಿದ ನಿಯಮ ಬೇಕಾದರೆ ಭಾರತೀಯ ರೈಲ್ವೆಯ ಪರ್ಮನೆಂಟ್ ವೇ ಮ್ಯಾನ್ಯುಯಲ್ ನೋಡು. ಪುಣೆಯಲ್ಲಿ ರೈಲ್ವೆ ಸಿವಿಲ್ ಇಂಜಿನಿಯರ್‌ಗಳಿಗೇ ಇರುವ ಐರಿಸೆನ್ ಸಂಸ್ಥೆ ಹೊರತಂದಿರುವ ಪುಸ್ತಕಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಓದು, ಆದರೆ ಅದರಿಂದ ಪುಟಗಟ್ಟಲೆ ಇಳಿಸಬೇಡ. ಫೋಟೊ ತೆಗೆಯುವ ಮೊದಲು ಅನುಮತಿ ಕೇಳು, ತೆಗೆದದ್ದನ್ನು ಸ್ಟೇಟಸ್‌ಗೆ ಹಾಕಬೇಡ.

ಕೆಲಸದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ರೈಲ್ವೆ ನೇಮಕಾತಿ ಮಂಡಳಿಯ ಜೆಇ ಪರೀಕ್ಷೆಯಲ್ಲಿ ಇಂಟರ್ನ್‌ಶಿಪ್ ಸರ್ಟಿಫಿಕೇಟ್‌ಗೆ ಅಂಕ ಇಲ್ಲ. ಅಲ್ಲಿ ಪರೀಕ್ಷೆ ಬರೆದೇ ಗೆಲ್ಲಬೇಕು. ಸೇತುವೆ, ರಸ್ತೆ, ಮೆಟ್ರೊ, ರೈಲ್ವೆ ಗುತ್ತಿಗೆ ಕಂಪನಿಗಳ ಸಂದರ್ಶನದಲ್ಲಿ ಮಾತ್ರ "ಏನು ನೋಡಿದೆ?" ಅಂತ ಕೇಳುತ್ತಾರೆ. ಆಗ 400 ಲೀಟರ್ 100 ಆದದ್ದನ್ನು ಒಂದು ಕಾಗದದ ಮೇಲೆ ಬರೆದು ತೋರಿಸು.

ಸೇರುವ ದಿನದ ಹಿಂದಿನ ಸಂಜೆ ಎಸ್‌ಎಸ್‌ಇ ಕಚೇರಿಗೆ ಫೋನ್ ಮಾಡಿ ಕೀಮ್ಯಾನ್ ಎಷ್ಟು ಹೊತ್ತಿಗೆ, ಯಾವ ಸ್ಟೇಷನ್‌ನಿಂದ ಹೊರಡುತ್ತಾನೆ ಅಂತ ಕೇಳು. ಅದಕ್ಕಿಂತ ಕಾಲು ಗಂಟೆ ಮೊದಲೇ ಅಲ್ಲಿರು. ನೋಟ್‌ಬುಕ್ಕನ್ನು ಎರಡು ಪ್ಲಾಸ್ಟಿಕ್ ಕವರಿನೊಳಗೆ ಹಾಕಿಕೋ. ಪೆನ್ ಬೇಡ, ಪೆನ್ಸಿಲ್ ತಗೊಂಡು ಹೋಗು. ನೆನೆದ ಕಾಗದದ ಮೇಲೆ ಅದೊಂದೇ ಉಳಿಯುವುದು.